ಬೇಲಿಗೆ ಸಿಕ್ಕಿಸಿದ ಕರಟ

ನನಗೆ ತಲೆ ತಿರುಗಿರಲಿಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ನಡೆದದ್ದು ಇಷ್ಟೇ: ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಯ ಸ್ಟೇಜಿನ ಮೇಲೆ ಕೂರಿಸಿ, ಶಾಲು ಹೊದಿಸಿ, ನನಗೆ ಕರಟದಲ್ಲಿ ಕಾಫಿ ಕೊಟ್ಟರು. ನಾನು ಕುಡಿಯಲಿಲ್ಲ. ಅಷ್ಟು ಜನರ ಎದುರಿಗೆ ಬೇಡವೆಂದು ಕೆಳಗಿಟ್ಟರೂ, ಬೇಡ ಅಂದದ್ದು ಯಾರಿಗೂ ಕೇಳಿಸಲಿಲ್ಲ. ಮುದುಕಿಗೆ ಶುಗರ್ ಇರಬೇಕು ಅಂತ ಒಬ್ಬರು ಹೇಳಿದರು, ಊರೆಲ್ಲ ಅದನ್ನೇ ನಂಬಿತು. ಆದದ್ದು ಅದಲ್ಲ ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೂಡಿಗೆರೆ ತಾಲೂಕಿನ ಒಂದು ಕಾಫಿ ತೋಟದಲ್ಲಿ ನಾನು ಲಂಗ ಹಾಕುವ ಕಾಲದಿಂದ ಸೊಂಟ ಬಗ್ಗುವವರೆಗೆ ಕೆಲಸ ಮಾಡಿದವಳು. ಕಳೆ ತೆಗೆದೆ, ಗೊಬ್ಬರ ಹೊತ್ತೆ, ಹಣ್ಣು ಕುಯ್ದೆ. ಈಗ ತೋಟದ ಮೇಲಿನ ರಸ್ತೆಗೆ ಅಂಟಿಕೊಂಡಿರುವ ಕಾಲೋನಿಯಲ್ಲಿ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದೇನೆ. ಗಂಡ ಹೋಗಿ ಬಹಳ ಕಾಲವಾಯಿತು. ಮಗ ಜೀಪು ಓಡಿಸುತ್ತಾನೆ. ದೇವರಮನೆ ಗುಡ್ಡ ನೋಡಲು ಬರುವವರನ್ನು ಹತ್ತಿಸಿಕೊಂಡು ಹೋಗಿ ಇಳಿಸಿಕೊಂಡು ಬರುತ್ತಾನೆ. ಅಲ್ಲಿ ಮಂಜು ಇದ್ದರೆ ಅವರಿಗೆ ಗುಡ್ಡ ಕಾಣುವುದಿಲ್ಲ, ಮಂಜು ಇಲ್ಲದಿದ್ದರೆ ಮಂಜಿಲ್ಲ ಅಂತ ಬೇಜಾರು. ಹಾಗಂತ ಅವನು ಹೇಳುತ್ತಾನೆ, ನಾನು ನೋಡಿಲ್ಲ.

ಸೊಸೆ ವಸ್ತಾರೆ ಕಡೆಯವಳು. ಬಾಯಿ ಜೋರು, ಕೈ ಇನ್ನೂ ಜೋರು. ಮದುವೆಯಾಗಿ ಬಂದಾಗಿನಿಂದ ಹಣ್ಣು ಕುಯ್ಯಲು ಹೋಗುತ್ತಿದ್ದಳು. ಹೋದ ಕೊಯ್ಲಿನಲ್ಲಿ ಮೂಟೆ ಹೊತ್ತುಕೊಂಡು ಇಳಿಜಾರಿನಲ್ಲಿ ಜಾರಿ ಬಿದ್ದು ಮೊಣಕಾಲು ಹಾಳು ಮಾಡಿಕೊಂಡಳು. ಆಮೇಲೆ ಹೆಂಗಸರ ಸಂಘದಲ್ಲಿ ಕರಟದಿಂದ ಏನೇನೋ ಮಾಡುವುದನ್ನು ಕಲಿಸಿದರು. ಇವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಲ್ದೂರಿನ ಹೋಟೆಲುಗಳಿಂದ ಮಗನ ಜೀಪಿನಲ್ಲಿ ಕರಟದ ಚೀಲಗಳು ಬಂದವು. ಬೆಳಗಿನಿಂದ ಸಂಜೆಯವರೆಗೆ ನಮ್ಮ ಜಗಲಿಯಲ್ಲಿ ಉಜ್ಜುಕಾಗದದ ಕರಕರ ಸದ್ದು. ಧೂಳು ನನ್ನ ಮೂಗಿಗೆ. ಉಜ್ಜಿ ಉಜ್ಜಿ ನುಣುಪಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಿಸಿಲಿಗಿಡುತ್ತಿದ್ದಳು, ಬಿಸಿಲಿದ್ದ ದಿನ.

"ಕರಟಕ್ಕೆ ಎಣ್ಣೆ ಹಚ್ತೀಯ, ನಿನ್ನ ತಲೆಗೆ ಹಚ್ಚಲ್ಲ" ಅಂದೆ ಒಂದು ದಿನ.

"ನನ್ನ ತಲೆಯನ್ನ ಯಾರೂ ತಗೊಳ್ಳಲ್ಲ ಅತ್ತೆ. ಇದನ್ನ ತಗೋತಾರೆ."

"ಎಂಥಕ್ಕೆ ತಗೋತಾರೆ?"

"ಶೋಪೀಸು. ಹೋಂಸ್ಟೇನವ್ರಿಗೆ."

ಪೆನ್ನು ಇಡಲೋ ಹೂವು ಇಡಲೋ ಇರಬೇಕೆಂದುಕೊಂಡೆ. ಪೇಟೆಯವರು ಬೀಸುವ ಕಲ್ಲನ್ನೇ ಬಾಗಿಲಲ್ಲಿಟ್ಟು ಹೂವಿನ ಕುಂಡ ಮಾಡುತ್ತಾರೆ, ಕರಟ ಯಾವ ಲೆಕ್ಕ! ನಾನು ಮತ್ತೆ ಕೇಳಲಿಲ್ಲ.

ಈ ಸಲದ ಸ್ವಾತಂತ್ರ್ಯ ದಿನಾಚರಣೆಗೆ 'ನಮ್ಮ ಪರಂಪರೆ' ಅಂತ ಒಂದು ಕಾರ್ಯಕ್ರಮವನ್ನೂ ಸೇರಿಸುವುದೆಂದು ಊರಿನವರು ತೀರ್ಮಾನ ಮಾಡಿದರು. ಮುಂದೆ ನಿಂತವರು ನಾನು ಕೆಲಸ ಮಾಡಿದ ತೋಟದ ಚಿಕ್ಕ ಧಣಿ. ಹೊರಗೆಲ್ಲ ಓದಿ ಬಂದು ತೋಟದಲ್ಲಿ ಹೋಂಸ್ಟೇ ಇಟ್ಟಿದ್ದಾರೆ. ಒಳ್ಳೆಯ ಹುಡುಗ, ಅದನ್ನು ಇಲ್ಲ ಅನ್ನಲಾರೆ. ಎದುರಿಗೆ ಸಿಕ್ಕರೆ ಕಾರು ನಿಲ್ಲಿಸಿ, "ಅಜ್ಜಿ, ಆರಾಮಾ?" ಅಂತ ಕೇಳುತ್ತಾರೆ. ತೋಟದಲ್ಲಿ ದುಡಿದವರಲ್ಲಿ ಉಳಿದಿರುವ ಹಳಬಳು ಅಂತ ಅಂದು ನನಗೆ ಸನ್ಮಾನ ಮಾಡಬೇಕೆಂದು ಅವರೇ ಹೇಳಿ ಕಳುಹಿಸಿದರು.

"ನಾನು ಬರಲ್ಲ. ಶಾಲು ತಗೊಂಡು ಎಂಥ ಮಾಡ್ಲಿ, ಮನೇಲಿ ಕಂಬಳಿ ಇದೆ" ಅಂದೆ.

ಸೊಸೆ ಉಜ್ಜುವುದನ್ನು ನಿಲ್ಲಿಸಿದಳು. "ಅತ್ತೆ, ನನಗೋಸ್ಕರ ಬನ್ನಿ. ನನ್ನ ಸಾಮಾನನ್ನೂ ಅವತ್ತೇ ತೋರಿಸೋದು. ಚಿಕ್ಕ ಧಣಿಗೆ ಇಷ್ಟ ಆದ್ರೆ ಅವ್ರಿಗೂ ಬೇಕು, ಅವ್ರ ಸ್ನೇಹಿತ್ರ ಹೋಂಸ್ಟೇಗಳಿಗೂ ಬೇಕು. ಆಮೇಲೆ ನಾನು ಈ ಕಾಲು ಎಳ್ಕೊಂಡು ತೋಟಕ್ಕೆ ಇಳಿಯೋದು ಬೇಡ."

ಅವಳ ಕಾಲಿನ ವಿಷಯ ಬಂದ ಮೇಲೆ ನಾನು ಹೂಂ ಅಂದೆ. ಇಳಿಜಾರು ಹತ್ತಿ ಇಳಿದ ಮೊಣಕಾಲಿನ ಕಥೆ ನನಗೆ ಯಾರೂ ಹೇಳಬೇಕಾಗಿಲ್ಲ.

ಅಂದು ಎಂದಿನಂತೆ ಮಳೆ. ಬಾವುಟ ಬಿಚ್ಚಿಕೊಂಡಿತು, ಹಾರಲಿಲ್ಲ; ನೆನೆದು ಕಂಬಕ್ಕೆ ಸುತ್ತಿಕೊಂಡಿತು. ಮಕ್ಕಳು ಒದ್ದೆ ಷೂಗಳಲ್ಲಿ ಕವಾಯತು ಮಾಡಿದರು. ನನ್ನ ಮೊಮ್ಮಗಳು ಮಳೆಗೆ ತಲೆಯಿಂದ ಹೊದೆಯುವ ಕಂಬಳಿ ಕೊಪ್ಪೆ ಹಾಕಿಕೊಂಡು ಹಣ್ಣು ಕುಯ್ಯುವ ಹಾಗೆ ಕುಣಿದಳು. ಹಾಗೆ ಕುಣಿಯುತ್ತ ಕುಯ್ದಿದ್ದರೆ ಮೇಸ್ತ್ರಿ ಅರ್ಧ ದಿನಕ್ಕೇ ಮನೆಗೆ ಕಳಿಸುತ್ತಿದ್ದ. ಶಾಮಿಯಾನದ ಒಂದು ಕಡೆ ಒರಳು, ಲಾಟೀನು, ಹಳೆ ಬುಟ್ಟಿ ಎಲ್ಲ ಜೋಡಿಸಿ ಹೆಸರು ಬರೆದಿಟ್ಟಿದ್ದರು. ನಮ್ಮ ಮನೆಯಲ್ಲಿ ಆ ಬುಟ್ಟಿಯಲ್ಲಿ ಈಗಲೂ ಕೋಳಿ ಮುಚ್ಚುತ್ತೇವೆ.

ಮುಂದಿನ ಸಾಲಿನ ಕುರ್ಚಿಯಲ್ಲಿ ದೊಡ್ಡ ಮನೆಯ ಅಮ್ಮ ಕೂತಿದ್ದರು. ಚಿಕ್ಕ ಧಣಿಯ ಅಜ್ಜಿ. ನನಗಿಂತ ದೊಡ್ಡವರು, ಕೋಲು ಹಿಡಿದು ನಡೆಯುತ್ತಾರೆ, ಕಣ್ಣು ಮಾತ್ರ ಚುರುಕು. ಅವರು ಮದುವೆಯಾಗಿ ಆ ಮನೆಗೆ ಬಂದ ವರ್ಷ ನಾನು ಅವ್ವನ ಸೆರಗು ಹಿಡಿದು ಕೆಲಸಕ್ಕೆ ಬರುತ್ತಿದ್ದೆ. ಸ್ಟೇಜಿನ ಮೇಲಿನಿಂದ ನೋಡಿದೆ. ನನ್ನ ಕಾಲದವರು ಬೇರೆ ಯಾರಾದರೂ ಬಂದಿದ್ದಾರೇನೋ ಅಂತ ಹಿಂದಿನ ಸಾಲಿನವರೆಗೂ ಹುಡುಕಿದೆ. ಒಬ್ಬರೂ ಇರಲಿಲ್ಲ. ನನ್ನ ಪಕ್ಕದ ಸಾಲಿನಲ್ಲಿ ಹಣ್ಣು ಕುಯ್ಯುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮುಗಿದುಹೋಗಿದ್ದಾರೆ. ಕಳಸದಲ್ಲಿ ಮಗಳ ಮನೆಯಲ್ಲಿದ್ದ ಒಬ್ಬಳು ಕೊನೆಯವಳು. ಅವಳೂ ಈ ಮಳೆಗಾಲದ ಮೊದಲಲ್ಲಿ ಹೋದಳು.

ಚಿಕ್ಕ ಧಣಿ ಮೈಕು ಹಿಡಿದರು. "ನಮ್ಮ ಹಿರಿಯರು ಪ್ಲಾಸ್ಟಿಕ್ ಕಂಡವರಲ್ಲ. ಮಣ್ಣಿಗೆ ಮರಳಿ ಮಣ್ಣಾಗುವುದನ್ನೇ ಬಳಸುತ್ತಿದ್ದರು. ನಮ್ಮ ಮನೆಯಲ್ಲಿ ಹಿಂದೆ ಕರಟದಲ್ಲಿ ಕಾಫಿ ಕೊಡುತ್ತಿದ್ದರು ಅಂತ ನಮ್ಮಜ್ಜಿ ಒಮ್ಮೆ ಹೇಳಿದ್ದರು. ಆ ಪರಂಪರೆಗೆ ಇವತ್ತು ಮತ್ತೆ ಜೀವ ಕೊಡುತ್ತಿದ್ದೇವೆ. ಮೊದಲ ಕಾಫಿ ನಮ್ಮ ತೋಟದ ಅಜ್ಜಿಗೆ!"

ಎಲ್ಲರೂ ಚಪ್ಪಾಳೆ ಹೊಡೆದರು. ಹೊಸ ಸೀರೆ ಉಟ್ಟುಕೊಂಡು ನನ್ನ ಸೊಸೆ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ತಟ್ಟೆಯಲ್ಲಿ ಒಂದು ಕರಟ. ನಮ್ಮ ಜಗಲಿಯಲ್ಲಿ ಕೂತು ಅವಳೇ ಉಜ್ಜಿದ್ದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ತುಂಬ ಬಿಸಿ ಕಾಫಿ.

ಆ ಮನೆಯಲ್ಲಿ ಕರಟದಲ್ಲಿ ಕಾಫಿ ಕೊಡುತ್ತಿದ್ದದ್ದು ನಿಜ. ನಮಗೆ ಮಾತ್ರ. ನಮ್ಮ ಜಾತಿಯವರು ಆ ಮನೆಯ ಲೋಟ ಮುಟ್ಟುವಂತಿರಲಿಲ್ಲ. ಕೊಟ್ಟಿಗೆಯ ಹಿಂದೆ ದಾಸವಾಳದ ಬೇಲಿ ಇತ್ತು. ಒಬ್ಬೊಬ್ಬರದು ಒಂದೊಂದು ಕರಟ, ಬೇಲಿಯ ಕವೆಗೆ ಸಿಕ್ಕಿಸಿಡಬೇಕು. ಕಾಫಿಯ ಹೊತ್ತಿಗೆ ಹೋಗಿ ನಮ್ಮ ನಮ್ಮ ಕರಟ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಅದರೊಳಗೆ ಬಸವನಹುಳ ಕೂತಿರುತ್ತಿತ್ತು, ಬೇಸಿಗೆಯಲ್ಲಿ ಇರುವೆ. ಕೊಡವಿ, ತೊಳೆದು, ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಎರಡೂ ಕೈಯಲ್ಲಿ ಹಿಡಿಯಬೇಕು. ಅಮ್ಮ ಚೆಂಬು ತಂದು ಮೇಲಿನಿಂದ ಹೊಯ್ಯುತ್ತಿದ್ದರು, ತಾಗಬಾರದು ಅಂತ. ಹೊಯ್ಯುವಾಗ ಕೈಮೇಲೆ ಚೆಲ್ಲಿದರೆ ಸುಡುತ್ತಿತ್ತು. ಕೈ ಹಿಂದೆ ತೆಗೆದರೆ ಕಾಫಿ ಮಣ್ಣಿಗೆ. ಆದ್ದರಿಂದ ಯಾರೂ ಕೈ ತೆಗೆಯುತ್ತಿರಲಿಲ್ಲ. ಬೆಲ್ಲದ ಕಾಫಿ ಚೆನ್ನಾಗಿಯೇ ಇರುತ್ತಿತ್ತು, ಅಮ್ಮನ ಕೈ ಜಿಪುಣ ಅಲ್ಲ. ಕುಡಿದಾದ ಮೇಲೆ ಮತ್ತೆ ತೊಳೆದು ಬೋರಲು ಹಾಕಿ ಬೇಲಿಗೆ ಸಿಕ್ಕಿಸಿ ಕೆಲಸಕ್ಕೆ ಹೋಗಬೇಕು. ತೊಳೆಯದೆ ಇಟ್ಟರೆ ಬೈಗುಳ.

ಈ ತೊಳೆಯುವ ಅಭ್ಯಾಸ ನನ್ನ ಕೈಯಿಂದ ಬೇಗ ಹೋಗಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಒಮ್ಮೆ ಬಸ್ ಸ್ಟ್ಯಾಂಡಿನ ಸಾಬರ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಅವನು ಒಳಗೆ ಹೋದ, ನಾನು ಸೂರಿನ ನೀರು ಬೀಳುವಲ್ಲಿ ನಿಂತೆ. ಸಾಬರು ನೋಡಿ, "ಒಳಗೆ ಬಾ ತಂಗಿ, ಅಲ್ಲೆಂಥಕ್ಕೆ ನೆನೀತಿದ್ದೀಯ?" ಅಂದರು. ಎಲ್ಲರಿಗೂ ಕೊಡುವ ಗಾಜಿನ ಲೋಟದಲ್ಲೇ ಕೊಟ್ಟರು. ಕುಡಿದು ನಾನು ಲೋಟ ಹಿಡಿದುಕೊಂಡು ನೀರಿನ ಡ್ರಮ್ಮಿನ ಹತ್ತಿರ ಹೋದೆ. ಸಾಬರು ನಕ್ಕರು. "ಇಡು ತಾಯಿ. ನೀನು ತೊಳೆದ್ರೆ ನನಗೇನು ಕೆಲಸ?" ಅಂದರು. ಸುತ್ತ ಕೂತವರೂ ನಕ್ಕರು. ನನಗೆ ನಾಚಿಕೆಯಾಯಿತು. ಆಮೇಲೂ ಎಷ್ಟೋ ವರ್ಷ ಯಾರ ಮನೆಯಲ್ಲಿ ಕುಡಿದರೂ ಕೈ ತಾನಾಗಿ ನೀರಿನ ಕಡೆಗೇ ಹೋಗುತ್ತಿತ್ತು.

ಕರಟ ನಿಂತದ್ದು ಯಾರೋ ಬುದ್ಧಿ ಹೇಳಿ ಅಲ್ಲ. ಮೊದಲು ನಮಗೆಂದೇ ಬೇರೆ ಲೋಟಗಳು ಬಂದವು, ಅವೂ ಕೊಟ್ಟಿಗೆಯ ಸೂರಿನಲ್ಲಿ. ಆಮೇಲೆ ಪೇಪರ್ ಕಪ್ಪು ಬಂತು. ಎಲ್ಲರೂ ಕುಡಿದು ಎಸೆಯುವುದೇ ಆದ ಮೇಲೆ ಯಾರ ಎಂಜಲು ಯಾರು ತೊಳೆಯುವುದು ಅನ್ನುವ ಮಾತೇ ಉಳಿಯಲಿಲ್ಲ. ಬೇಲಿ ಕಿತ್ತು ಅಲ್ಲಿ ಈಗ ಹೋಂಸ್ಟೇಗೆ ಬಂದವರ ಕಾರು ನಿಲ್ಲುತ್ತದೆ.

ಇದನ್ನೆಲ್ಲ ಸ್ಟೇಜಿನ ಮೇಲೆ ಕೂತು ಯೋಚಿಸಿದೆ ಅಂತಲ್ಲ. ಅಷ್ಟು ಹೊತ್ತು ಎಲ್ಲಿತ್ತು! ಕರಟವನ್ನು ಎರಡೂ ಕೈಯಲ್ಲಿ ಹಿಡಿದದ್ದು ಮಾತ್ರ ಗೊತ್ತು. ಯಾರೂ ಹೇಳದೆ ಎರಡೂ ಕೈ ಒಟ್ಟಿಗೆ ಹೋದವು. ಎದುರಿಗೆ ಸೊಸೆ ನಗುತ್ತ ನಿಂತಿದ್ದಳು. ಫೋಟೋ ತೆಗೆಯುವವರು, "ಕುಡೀರಿ ಅಜ್ಜಿ, ಕುಡೀರಿ" ಅನ್ನುತ್ತಿದ್ದರು. ಕುಡಿದರೆ ಅವಳ ಕಾಲು ಉಳಿಯುತ್ತದೆ. ಒಂದು ಗುಟುಕು ತಾನೇ. ಬಾಯಿಯ ಹತ್ತಿರ ತಂದೆ. ಒಳಗಿನಿಂದ ಕರಟದ ವಾಸನೆ ಬಂತು, ಅವಳು ಹಚ್ಚಿದ ಎಣ್ಣೆಯ ಕೆಳಗಿನಿಂದ.

"ನನಗೆ ಬೇಡ" ಅಂದೆ. ಕರಟವನ್ನು ಕುರ್ಚಿಯ ಪಕ್ಕ ಇಟ್ಟೆ.

ಸೊಸೆಯ ಮುಖ ಸಣ್ಣದಾಯಿತು. ಚಿಕ್ಕ ಧಣಿ ಮೈಕಿನಲ್ಲಿ ನಕ್ಕರು. "ಅಜ್ಜಿಗೆ ಶುಗರ್ ಇರ್ಬೇಕು! ಪರವಾಗಿಲ್ಲ, ನಾವೆಲ್ಲ ಕುಡಿಯೋಣ." ಜನರೂ ನಕ್ಕರು. ತಟ್ಟೆಗಳು ಶಾಮಿಯಾನದ ಕೆಳಗೆ ಓಡಾಡಿದವು. ಎಲ್ಲರ ಕೈಯಲ್ಲೂ ಕರಟ. ಕುಡಿದು, ತಿರುಗಿಸಿ ನೋಡಿ, ಚೆನ್ನಾಗಿದೆ ಅಂದರು. ಫೋಟೋ ತೆಗೆದುಕೊಂಡರು. ನಾನು ಶಾಲು ಹೊದ್ದು ಮೇಲೆ ಕೂತಿದ್ದೆ. ನಮ್ಮ ಕಾಲೋನಿಯ ಹುಡುಗರೂ ಕುಡಿಯುತ್ತಿದ್ದರು, ಅವರಿಗೇನು ಗೊತ್ತು? ಅವ್ವ ಸತ್ತ ದಿನವೂ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ. ಅಂದು ಅಳುವುದಕ್ಕೆ ಜೊತೆಗೆ ನಾಲ್ಕು ಜನ ಇದ್ದರು.

ಆಗ ಮುಂದಿನ ಸಾಲಿಗೆ ಕಣ್ಣು ಹೋಯಿತು. ಅಮ್ಮ ತಮ್ಮ ಕೈಗೆ ಬಂದ ಕರಟವನ್ನು ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಬಗ್ಗಿ ಅದನ್ನು ಕುರ್ಚಿಯ ಕಾಲಿನ ಹತ್ತಿರ ಇಟ್ಟರು.

ಜನ ಉಪ್ಪಿಟ್ಟು ತಿನ್ನಲು ಎದ್ದು ಹೋದ ಮೇಲೆ ನಾನು ಮೆಟ್ಟಿಲಿಳಿದೆ. ಅಮ್ಮ ಕೋಲು ಎತ್ತಿ ಕರೆದರು.

"ಬಾರೇ ಇಲ್ಲಿ. ಕುಡೀಲಿಲ್ವಲ್ಲ ನೀನು."

"ನೀವೂ ಕುಡೀಲಿಲ್ಲ ಅಮ್ಮ."

"ನನಗೆ ಅದ್ರ ವಾಸನೆ ಆಗಲ್ಲ."

"ನಮಗೂ ಆಗ್ತಿರ್ಲಿಲ್ಲ."

ಶಾಮಿಯಾನದ ಮೇಲೆ ನಿಂತ ನೀರನ್ನು ಯಾರೋ ಕೋಲಿನಿಂದ ತಳ್ಳಿದರು, ಪಕ್ಕದಲ್ಲೇ ದಡದಡ ಬಿತ್ತು. ಅದು ನಿಂತ ಮೇಲೆ ಅವರು ಹೇಳಿದರು: "ನಿಂದು ಬೇಲಿಯ ಆ ತುದೀಲಿ, ಪೇರಳೆ ಮರದ ಪಕ್ಕ. ಬಾಯಿ ಒಂದು ಕಡೆ ಸೀಳಿತ್ತು. ಹೊಯ್ದ ಕಾಫಿ ಅರ್ಧ ಅಲ್ಲೇ ಸೋರ್ತಿತ್ತು."

"ಹೌದು."

"ಬೇರೆ ಒಂದು ಇಟ್ಕೊಳ್ಳೇ ಅಂತ ಹೇಳಿದ್ದೆ."

"ಹೇಳಿದ್ರಿ ಅಮ್ಮ."

ಅಷ್ಟರಲ್ಲಿ ಅವರ ಡ್ರೈವರ್ ಕೊಡೆ ಹಿಡಿದುಕೊಂಡು ಬಂದ. ಅಮ್ಮ ಎದ್ದು ಹೋದರು. ತಪ್ಪಾಯಿತು ಅನ್ನಲಿಲ್ಲ, ನಾನು ಕಾಯಲೂ ಇಲ್ಲ. ಆದರೆ ಮನೆಯ ದಾರಿಯುದ್ದಕ್ಕೂ ಒಂದೇ ಮಾತು ತಲೆಯಲ್ಲಿ ಕೊರೆಯಿತು. ನನ್ನ ಕರಟ ಯಾವುದು ಅಂತ ನನ್ನ ಗಂಡನಿಗೆ ಗೊತ್ತಿರಲಿಲ್ಲ. ಮಗನಿಗೆ ಕರಟ ಇತ್ತು ಅನ್ನುವುದೇ ಗೊತ್ತಿಲ್ಲ. ಅದರ ಸೀಳನ್ನು ನೆನಪಿಟ್ಟುಕೊಂಡವರು ಈ ಭೂಮಿಯ ಮೇಲೆ ಉಳಿದದ್ದು ಒಬ್ಬರೇ, ಅದೂ ಮೇಲಿನಿಂದ ಹೊಯ್ದವರು.

ಸಂಜೆ ಸೊಸೆ ಕುಣಿಯುತ್ತ ಬಂದಳು. ಮೊಣಕಾಲು ನೋವಿನಲ್ಲಿ ಕುಣಿಯಲಾಗದು, ಆದರೂ.

"ಚಿಕ್ಕ ಧಣಿ ಒಪ್ಪಿದ್ರು ಅತ್ತೆ! ಎಲ್ಲಾ ಹೋಂಸ್ಟೇಗೂ ನಾನೇ ಕೊಡೋದು. ಕಾಫಿಗೇ ಬೇಕಂತೆ." ಒಲೆಯ ಮುಂದೆ ಕೂತು ನನ್ನ ಮುಖ ನೋಡಿದಳು. "ನೀವು ಮಾತ್ರ ನನ್ನ ಮಾನ ಕಳೆದ್ರಿ. ಒಂದು ಗುಟುಕು ಕುಡಿದಿದ್ರೆ ನಿಮ್ಮ ಗಂಟು ಹೋಗ್ತಿತ್ತಾ? ಶುಗರ್ ಅಂತ ಅವ್ರೇ ಮುಚ್ಚಿ ಹಾಕಿದ್ರು, ಇಲ್ಲಾಂದ್ರೆ ನಾನು ಎಲ್ಲಿ ಮುಖ ಇಟ್ಕೊಳ್ಳೋದು?"

"ಶೋಪೀಸು ಅಂದಿದ್ದೆಯಲ್ಲೇ."

"ಕಾಫಿಗೆ ಅಂತ ಆಮೇಲೆ ಧಣಿ ಹೇಳಿದ್ದು. ನಿಮಗೆ ಖುಷಿ ಆಗ್ಲಿ ಅಂತ ನಾನೇ ಹೇಳಿರ್ಲಿಲ್ಲ."

ಹೇಳದೆ ಇರಬಹುದಿತ್ತು. ಅವಳ ಸಂತೋಷ ಆ ರಾತ್ರಿಯಾದರೂ ಉಳಿಯುತ್ತಿತ್ತು. ಆದರೆ ಮಧ್ಯಾಹ್ನದಿಂದ ಆ ಒಂದು ಮಾತು ಇಬ್ಬರು ಮುದುಕಿಯರ ನಡುವೆ ಮಾತ್ರ ಇತ್ತು, ಅದು ನನಗೆ ಸೇರಲಿಲ್ಲ. ಬೇಲಿ, ಚೆಂಬು, ತೊಳೆಯುವುದು, ಬೋರಲು ಹಾಕುವುದು, ಎಲ್ಲ ಹೇಳಿದೆ. ಉದ್ದ ಮಾಡಲಿಲ್ಲ.

ಅವಳು ಒಲೆಗೆ ಸೌದೆ ತಳ್ಳುವುದನ್ನು ಮರೆತಳು. ಬೆಂಕಿ ಹೊಗೆಯಾಯಿತು.

"ನಿನ್ನಜ್ಜಿನೂ ಹೀಗೇ ಕುಡಿದಿರ್ಬೇಕು" ಅಂದೆ.

"ನಮ್ಮಜ್ಜಿ ಏನೂ ಹೇಳ್ಲಿಲ್ಲ."

"ಯಾರು ಹೇಳ್ತಾರೆ ಮಾರಾಯ್ತಿ."

ಅವಳು ಸೌದೆ ಒಳಗೆ ತಳ್ಳಿ ಊದಿದಳು. "ಈಗ ಅದೆಲ್ಲ ಎಲ್ಲಿದೆ ಅತ್ತೆ? ಇವತ್ತು ಧಣಿನೂ ಅದ್ರಲ್ಲೇ ಕುಡಿದ್ರು. ಬೆಂಗಳೂರಿಂದ ಬಂದವ್ರೂ ಅದ್ರಲ್ಲೇ ಕುಡೀತಾರೆ. ಎಲ್ರೂ ಕರಟದಲ್ಲೇ ಕುಡಿದ್ರೆ ಯಾರು ಮೇಲೆ, ಯಾರು ಕೆಳಗೆ?"

ಅವಳು ಹೇಳಿದ್ದು ಸರಿ ಇರಬಹುದು. ನನ್ನ ಗಂಟಲಿಗೆ ಅದು ಗೊತ್ತಿಲ್ಲ.

"ಹಾಗಾದ್ರೆ ನಾಳೆ ಹೋಗಿ ಬೇಡ ಅಂದುಬಿಡ್ಲಾ?" ಅವಳ ದನಿ ಒಡೆದಿತ್ತು. ಕೈ ಮೊಣಕಾಲನ್ನು ಒತ್ತಿಕೊಳ್ಳುತ್ತಿತ್ತು.

"ಬೇಡ ಅನ್ಬೇಡ. ನಿನ್ನ ಕಾಲು ನೋಡ್ಕೋ. ಮಾಡು."

"ಇಷ್ಟೆಲ್ಲ ಹೇಳಿ ಮಾಡು ಅಂದ್ರೆ ಹೆಂಗೆ ಮಾಡ್ಲಿ ನಾನು?"

ಅವಳು ಒಲೆಯ ಮುಂದೆ ಉಂಡಳು, ನಾನು ಜಗಲಿಯಲ್ಲಿ ಕರಟದ ಚೀಲಗಳ ಪಕ್ಕದಲ್ಲಿ ಉಂಡೆ. ನಡುವೆ ಒಂದು ಬಾಗಿಲು, ಅದು ತೆರೆದೇ ಇತ್ತು.

ಮಾರನೆಯ ಬೆಳಿಗ್ಗೆ ಏಳುವಾಗಲೇ ಉಜ್ಜುವ ಸದ್ದು ಕೇಳಿಸಿತು. ಸೊಸೆ ಜಗಲಿಯಲ್ಲಿ ಕೂತಿದ್ದಳು. ಎಂದಿನ ಹಾಗೆ ಜೋರಾಗಿ ಉಜ್ಜುತ್ತಿರಲಿಲ್ಲ. ನಾನು ಮುಖ ತೊಳೆದು, ತಲೆ ಬಾಚಿ, ಒಗೆದಿಟ್ಟ ಸೀರೆ ಉಟ್ಟೆ.

"ಎಲ್ಲಿಗೆ ಅತ್ತೆ?"

"ಕಾಫಿ ಕುಡಿಯೋಕೆ."

"ಮನೇಲಿ ಮಾಡಿದ್ದೀನಲ್ಲ."

"ಅದು ಬಂದು ಕುಡೀತೀನಿ."

ಮಳೆ ಬಿಟ್ಟಿತ್ತು. ತೋಟದ ದಾರಿಯಲ್ಲಿ ಇಳಿದು ದೊಡ್ಡ ಮನೆಗೆ ಹೋದೆ. ಕಾಲು ಅಭ್ಯಾಸಬಲದಿಂದ ಕೊಟ್ಟಿಗೆಯ ಕಡೆಗೆ ತಿರುಗಿತು, ನಿಲ್ಲಿಸಿದೆ. ಮುಂದಿನ ಮೆಟ್ಟಿಲು ಹತ್ತಿ ಜಗಲಿಯ ಮೇಲೆ ಕೂತೆ. ನಾಯಿ ಬೊಗಳಿತು. ಆ ಮನೆಯಲ್ಲಿ ಬೆಳಗಿನ ಮೊದಲ ಕಾಫಿಯನ್ನು ಇಂದಿಗೂ ಅಮ್ಮನೇ ಮಾಡುವುದು, ಮಿಕ್ಕವರು ಏಳುವುದು ತಡ. ಅವರು ಕೋಲೂರಿಕೊಂಡು ಬಾಗಿಲಿಗೆ ಬಂದರು.

"ಏನೇ, ಇಷ್ಟೊತ್ತಿಗೆ?"

"ಕಾಫಿ ಕುಡಿಯೋಣ ಅಂತ ಬಂದೆ ಅಮ್ಮ. ಲೋಟದಲ್ಲಿ."

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ, ಬರುವುದಿಲ್ಲವೇನೋ ಅಂದುಕೊಂಡೆ. ಆಮೇಲೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಬಂದರು. ಕೆಳಗಿಡಲಿಲ್ಲ, ಕೈಗೇ ಕೊಟ್ಟರು. ಮತ್ತೆ ಒಳಗೆ ಹೋಗಿ ತಮ್ಮದನ್ನು ತಂದುಕೊಂಡು ಬೆಂಚಿನ ಮೇಲೆ ಕೂತರು.

ಸಕ್ಕರೆ ಜಾಸ್ತಿಯಾಗಿತ್ತು. ಈ ಸಲ ಮಳೆಗೆ ಕಾಯಿ ಉದುರುತ್ತಿದೆ ಅಂದರು ಅವರು. ಹೌದು ಅಂದೆ. ಕುಡಿದು ಮುಗಿಸಿದೆ. ಜಗಲಿಯ ಮೂಲೆಯಲ್ಲೇ ನಲ್ಲಿ ಇತ್ತು, ಕೈ ಆ ಕಡೆ ಹೊರಟಿತು. ಲೋಟವನ್ನು ತೊಳೆಯದೆ ಅಮ್ಮನ ಪಕ್ಕದಲ್ಲಿ ಬೆಂಚಿನ ಮೇಲಿಟ್ಟು, ಮುಂದಿನ ಮೆಟ್ಟಿಲಿಳಿದು ಮನೆಗೆ ಬಂದೆ.